ಹನ್ನೆರಡು ಹುಡುಗಿಯರು, 200 ನಿಮಿಷ: ಆಟದ ಸಮಯವನ್ನು ನಾನು ಹಂಚುವ ರೀತಿ

ಬ್ಯಾಸ್ಕೆಟ್‌ಬಾಲ್ ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಕೋರ್ಟ್ ಮೇಲೆ ಐವರು. ಹಾಗಾಗಿ ಕೋಚ್ ಕೈಯಲ್ಲಿ ಇರುವುದು ಒಟ್ಟು 200 ನಿಮಿಷ. ತಂಡದಲ್ಲಿ 12 ಜನ. ಸಮನಾಗಿ ಹಂಚಿದರೆ ಒಬ್ಬೊಬ್ಬಳಿಗೆ 16 ನಿಮಿಷ 40 ಸೆಕೆಂಡ್ ಬರುತ್ತೆ. ಹಾಗೆ ಯಾರೂ ಹಂಚುವುದಿಲ್ಲ, ನಾನೂ ಹಂಚುವುದಿಲ್ಲ. ಆದರೂ ಹೊಸ ಸೀಸನ್ ಶುರುವಾದಾಗ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಈ ಲೆಕ್ಕ ಬರೆದುಕೊಳ್ಳುತ್ತೇನೆ. ಒಬ್ಬಳಿಗೆ 32 ನಿಮಿಷ ಕೊಟ್ಟರೆ ಆ ಹೆಚ್ಚಿನ 15 ನಿಮಿಷ ಯಾರ ಪಾಲಿನಿಂದ ಬಂತು ಅನ್ನೋದು ನನ್ನ ಕಣ್ಣೆದುರಿಗೆ ಇರಬೇಕು.

ನಾನು ಮೈಸೂರಿನ ಒಂದು ಮಹಿಳಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತೇನೆ. ಬ್ಯಾಸ್ಕೆಟ್‌ಬಾಲ್ ಕೋಚ್ ಕೂಡ ನಾನೇ. ಕೆಲವು ವರ್ಷ ನಿಜವಾಗಿ ಆಡಬಲ್ಲವರು ಆರೇಳು ಜನ ಸಿಕ್ಕರೆ ಪುಣ್ಯ. ಆಗ ಹಂಚುವ ಮಾತೇ ಬರಲ್ಲ. ಈಚಿನ ಸೀಸನ್‌ಗಳಲ್ಲಿ ಹಾಗಲ್ಲ. ಹತ್ತು ಹನ್ನೊಂದು ಜನ ಹೆಚ್ಚುಕಡಿಮೆ ಒಂದೇ ಮಟ್ಟದವರು ಬರುತ್ತಿದ್ದಾರೆ. ಬೇರೆ ಕಾಲೇಜಿನವರು "ನಿಮಗೇನ್ ಬಿಡಿ ಮೇಡಂ, ಬೆಂಚ್ ತುಂಬಾ ಪ್ಲೇಯರ್ಸ್ ಇದಾರೆ" ಅಂತಾರೆ. ಕೋಚ್‌ಗೆ ಕೆಲಸ ಜಾಸ್ತಿ ಆಗೋದು ಆಗಲೇ.

ಈ ನಿಮಿಷಗಳಿಗೆ ಬೆಲೆ ಇದೆ. ಅಂತರ ಕಾಲೇಜು ಟೂರ್ನಿ ನಡೆಯುವಾಗ ಯೂನಿವರ್ಸಿಟಿ ತಂಡದ ಸೆಲೆಕ್ಟರ್‌ಗಳು ಕೂತು ನೋಡುತ್ತಿರುತ್ತಾರೆ. ಅಲ್ಲಿ ಆಯ್ಕೆಯಾದರೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಆ ಸರ್ಟಿಫಿಕೇಟ್ ಮುಂದೆ ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಸೀಟಿಗೆ, ರೈಲ್ವೆಯ ಸ್ಪೋರ್ಟ್ಸ್ ಕೋಟಾ ಅರ್ಜಿಗೆ ಬೇಕಾಗುತ್ತೆ. ಇನ್ನೊಂದು ಚಿಕ್ಕ ವಿಷಯ. ಸ್ಕೋರ್‌ಶೀಟ್‌ನಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಮನೆ ಇರುತ್ತೆ. ಕೋರ್ಟ್‌ಗೆ ಇಳಿದವಳಿಗೆ ಅಲ್ಲಿ ಗುಣಾಕಾರದ ಗುರುತು ಬೀಳುತ್ತೆ. ಮೊದಲ ಐವರಾದರೆ ಅದರ ಸುತ್ತ ಒಂದು ಸೊನ್ನೆ. ಇಳಿಯದೇ ಇದ್ದವಳ ಮನೆ ಖಾಲಿ. ಪಂದ್ಯ ಮುಗಿದ ಮೇಲೆ ನಮ್ಮ ಹುಡುಗಿಯರು ಆ ಶೀಟಿನ ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಖಾಲಿ ಮನೆ ಇದ್ದವಳು ಫೋಟೋ ತೆಗೆಯಲ್ಲ.

ಹಂಚುವ ಕೆಲಸ ಪಂದ್ಯದ ದಿನ ಶುರುವಾಗಲ್ಲ, ಪ್ರಾಕ್ಟೀಸ್‌ನಲ್ಲೇ ಶುರುವಾಗುತ್ತೆ. ಮೊದಲ ವಾರಗಳಲ್ಲಿ ದಿನಾ ಸಂಜೆ ಐವರ ಗುಂಪುಗಳನ್ನು ಕಲೆಸುತ್ತಾ ಆಡಿಸುತ್ತೇನೆ. ಗಾಯವಾಗಿ ಕೂತವಳ ಕೈಗೆ ನೋಟ್‌ಬುಕ್ ಕೊಡುತ್ತೇನೆ. ಯಾವ ಐವರು ಇದ್ದಾಗ ಎಷ್ಟು ಪಾಯಿಂಟ್ ಬಂತು, ಎಷ್ಟು ಹೋಯಿತು, ಇಷ್ಟೇ ಬರೆಯಬೇಕು. ಯಾರು ಎಷ್ಟು ಬುಟ್ಟಿ ಹಾಕಿದಳು ಅನ್ನೋದು ಆ ಪುಟದಲ್ಲಿ ಇರುವುದಿಲ್ಲ. ಕೆಲವು ವಾರ ಕಳೆದ ಮೇಲೆ ಆ ಪುಟಗಳನ್ನು ಮುಂದಿಟ್ಟುಕೊಂಡು ಕೂತರೆ ಜೋಡಿಗಳು ಕಾಣುತ್ತವೆ. ಬಾಲ್ ತಂದು ಆಟ ನಡೆಸುವ ಒಬ್ಬ ಪಾಯಿಂಟ್ ಗಾರ್ಡ್, ಬುಟ್ಟಿಯ ಹತ್ತಿರ ಆಡುವ ಒಬ್ಬ ಪೋಸ್ಟ್ ಹುಡುಗಿಯ ಜೊತೆ ಇದ್ದಾಗ ಪಾಸ್ ಸರಾಗವಾಗಿ ಹೋಗುತ್ತೆ, ಇನ್ನೊಬ್ಬಳ ಜೊತೆ ಹೋಗಲ್ಲ. ಇಬ್ಬರು ಒಳ್ಳೆ ಶೂಟರ್‌ಗಳು ಒಟ್ಟಿಗೆ ಇದ್ದರೆ ಇಬ್ಬರೂ ಒಂದೇ ಮೂಲೆಗೆ ಓಡುತ್ತಾರೆ. ನಾನು ಜೋಡಿಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳುತ್ತೇನೆ. ನಿಮಿಷದ ಲೆಕ್ಕ ಆಮೇಲೆ. ಯಾವ ಹೊತ್ತಿನಲ್ಲೂ ಕೋರ್ಟ್ ಮೇಲೆ ಪ್ರೆಸ್ (ಬಾಲ್ ಮುಂದೆ ತರದಂತೆ ಎದುರಾಳಿಗಳು ಮೇಲೆ ಬೀಳುವುದು) ಒಡೆದು ಬಾಲ್ ತರುವವಳು ಒಬ್ಬಳು, ರೀಬೌಂಡ್ (ಬುಟ್ಟಿ ತಪ್ಪಿ ಪುಟಿದು ಬಂದ ಬಾಲ್) ಹಿಡಿಯುವವಳು ಒಬ್ಬಳು, ಹೊರಗಿಂದ ಹೊಡೆಯುವವಳು ಒಬ್ಬಳು ಇರಲೇಬೇಕು. ಈ ಮೂವರಲ್ಲಿ ಯಾರು ಹೊರಗೆ ಬಂದರೂ ಅದೇ ಕೆಲಸದವಳು ಒಳಗೆ ಹೋಗಬೇಕು.

ಆಮೇಲೆ ಹಾಳೆ. ಅಡ್ಡಕ್ಕೆ ಐದೈದು ನಿಮಿಷದ ಎಂಟು ಮನೆ, ಕೆಳಕ್ಕೆ 12 ಹೆಸರು. ಪ್ರತಿ ಐದು ನಿಮಿಷಕ್ಕೆ ಐದು ಟಿಕ್, ಪೂರ್ತಿ ಪಂದ್ಯಕ್ಕೆ 40 ಟಿಕ್. ಮಾಮೂಲಿ ಪಂದ್ಯಕ್ಕೆ ನನ್ನ ಹಂಚಿಕೆ ಹೀಗಿರುತ್ತೆ. ಹಾಳೆಯ ಮೊದಲ ಐದು ಹೆಸರಿಗೆ (ಪಂದ್ಯ ಶುರು ಮಾಡುವ ಐವರೇ ಆಗಬೇಕಿಲ್ಲ) ಐದೈದು ಟಿಕ್, ಅಂದರೆ 25 ನಿಮಿಷ. ಆರನೆಯವಳಿಂದ ಎಂಟನೆಯವಳವರೆಗೆ ಮೂರು ಮೂರು, 15 ನಿಮಿಷ. ಒಂಬತ್ತು ಮತ್ತು ಹತ್ತನೆಯವರಿಗೆ ಎರಡೆರಡು, 10 ನಿಮಿಷ. ಉಳಿದ ಇಬ್ಬರಿಗೆ ಒಂದೊಂದು, ಐದು ನಿಮಿಷ. ಕೂಡಿಸಿ ನೋಡಿ, ಸರಿಯಾಗಿ 200 ಬರುತ್ತೆ. ಸೆಮಿಫೈನಲ್, ಫೈನಲ್‌ಗೆ ಇದು ಬಿಗಿಯಾಗುತ್ತೆ. ಮೊದಲ ಐವರಿಗೆ 30, ಮುಂದಿನ ಮೂವರಿಗೆ 15, ಒಂಬತ್ತನೆಯವಳಿಗೆ ಐದು. ಅಲ್ಲಿಗೆ ಮುಗಿಯಿತು. ಆ ದಿನ ಮೂವರಿಗೆ ಏನೂ ಸಿಗಲ್ಲ. ಅದನ್ನು ಹಿಂದಿನ ಸಂಜೆಯೇ ಅವರಿಗೆ ಹೇಳಿರುತ್ತೇನೆ.

ಮಾಮೂಲಿ ಪಂದ್ಯದ ಹಾಳೆಯಲ್ಲಿ ನಾನು ಯಾವತ್ತೂ ಬಿಟ್ಟುಕೊಡದ ಜಾಗ ಒಂದಿದೆ. ಹನ್ನೊಂದನೆಯವಳು ಮತ್ತು ಹನ್ನೆರಡನೆಯವಳ ಟಿಕ್ ಎರಡನೇ ಕ್ವಾರ್ಟರ್‌ನಲ್ಲೇ ಬೀಳಬೇಕು. ಒಬ್ಬಳು ಮೊದಲ ಐದು ನಿಮಿಷ, ಇನ್ನೊಬ್ಬಳು ನಂತರದ ಐದು. ಇಬ್ಬರನ್ನೂ ಒಟ್ಟಿಗೆ ಇಳಿಸಲ್ಲ. ಜೊತೆಗೆ ಮೊದಲ ಐವರಲ್ಲಿ ಮೂವರಾದರೂ ಇರುತ್ತಾರೆ. ಬಹಳಷ್ಟು ಕಡೆ ಕೊನೆಯವರಿಗೆ ಸಿಗೋದು ಕೊನೆಯ ಎರಡು ನಿಮಿಷ. ತಂಡ 25 ಪಾಯಿಂಟ್ ಮುಂದಿರುತ್ತೆ, ಇಲ್ಲವೇ 25 ಹಿಂದಿರುತ್ತೆ. ಎದುರಾಳಿಗಳು ಆಗಲೇ ಬ್ಯಾಗ್ ಕಟ್ಟುತ್ತಿರುತ್ತಾರೆ. ಆ ಆಟದಲ್ಲಿ ಯಾವ ಹುಡುಗಿಯೂ ಏನೂ ಕಲಿಯಲ್ಲ, ಅವಳ ಬಗ್ಗೆ ನನಗೂ ಏನೂ ತಿಳಿಯಲ್ಲ. ಎರಡನೇ ಕ್ವಾರ್ಟರ್‌ನಲ್ಲಿ ಸ್ಕೋರ್ ಹತ್ತಿರ ಇರುತ್ತೆ. ಅಲ್ಲಿ ಅವಳು ಒಂದು ಚಾರ್ಜ್ ತಗೊಂಡರೆ (ನುಗ್ಗಿ ಬರುವವಳಿಗೆ ಅಡ್ಡ ನಿಂತು ಡಿಕ್ಕಿ ತಿಂದು ಅವಳ ಮೇಲೆ ಫೌಲ್ ಬರಿಸಿದರೆ), ಯಾರ ಕೈಯಲ್ಲೂ ಇಲ್ಲದ ಒಂದು ಲೂಸ್ ಬಾಲ್‌ಗೆ ಬಿದ್ದರೆ, ಅದು ಪಂದ್ಯದ ಲೆಕ್ಕಕ್ಕೆ ಸೇರುತ್ತೆ. ಅವಳ ಆ ಐದು ನಿಮಿಷದಲ್ಲಿ ನಾಲ್ಕು ಪಾಯಿಂಟ್ ಹಿಂದೆ ಬಿದ್ದರೂ ಹಿಡಿಯೋಕೆ ಇನ್ನೂ ಅರ್ಧ ಪಂದ್ಯ ಇರುತ್ತೆ. ಮುಂದೆ ಯಾವತ್ತೋ ಒಂದು ದಿನ ಮೊದಲ ಐವರಲ್ಲಿ ಒಬ್ಬಳು ಕಾಲು ಉಳುಕಿಸಿಕೊಂಡಾಗ ನನಗೆ ಬೇಕಾಗೋದು ಇದೇ ಹನ್ನೊಂದನೆಯವಳು.

ಇಷ್ಟು ಜನರನ್ನು ಆಡಿಸೋದು ಬರೀ ಒಳ್ಳೆಯತನಕ್ಕೆ ಅಂತ ಅಂದುಕೊಳ್ಳಬೇಡಿ. ನಮ್ಮ ಕಡೆ ಬಹಳಷ್ಟು ಕೋರ್ಟ್‌ಗಳು ಬಯಲಲ್ಲೇ ಇರುವ ಸಿಮೆಂಟ್ ಕೋರ್ಟ್. ಒಂದೇ ದಿನ ಎರಡು ಪಂದ್ಯ ಬೀಳೋದೂ ಇದೆ. ಎದುರಿನ ತಂಡದಲ್ಲಿ ನಿಜವಾಗಿ ಆಡುವವರು ಆರು ಜನ. ನನ್ನ ಹತ್ತಿರ ಹತ್ತು. ಹಾಗಾಗಿ ಶುರುವಿನಿಂದಲೇ ಫುಲ್ ಕೋರ್ಟ್ ಪ್ರೆಸ್ ಹಾಕುತ್ತೇವೆ, ಅಂದರೆ ಕೋರ್ಟ್ ಉದ್ದಕ್ಕೂ ಅವರ ಮೇಲೆ ಬೀಳುತ್ತೇವೆ. ಎಂಟು ಸೆಕೆಂಡ್‌ನಲ್ಲಿ ಬಾಲ್ ಅರ್ಧ ಕೋರ್ಟ್ ದಾಟಬೇಕು ಅನ್ನೋ ನಿಯಮ ನಮಗೆ ಜೊತೆಯಾಗುತ್ತೆ. ಎರಡು ಕ್ವಾರ್ಟರ್ ಹಾಗೆ ಓಡಿಸಿದರೆ ಮೂರನೇ ಕ್ವಾರ್ಟರ್‌ನಲ್ಲಿ ಅವರ ಶಾಟ್‌ಗಳು ರಿಮ್‌ನ ಮುಂದಿನ ಅಂಚಿಗೇ ಬಡಿಯೋಕೆ ಶುರುವಾಗುತ್ತವೆ. ಕಾಲಿನ ಶಕ್ತಿ ಹೋಗಿದೆ ಅನ್ನೋದಕ್ಕೆ ಅದೇ ಗುರುತು. ನಮ್ಮವರ ಕಾಲು ಆಗಲೂ ಹೊಸದಾಗಿರುತ್ತೆ.

ಅಮೆರಿಕದ ಕಾಲೇಜು ಪಂದ್ಯಗಳನ್ನು ನೋಡುವವರಿಗೆ 2024ರ ಮಹಿಳಾ ಫೈನಲ್ ನೆನಪಿರಬಹುದು. ಡಾನ್ ಸ್ಟೇಲಿ ಅವರ ಸೌತ್ ಕೆರೊಲಿನಾ ತಂಡ ಸ್ಟಾರ್ ಆಟಗಾರ್ತಿ ಕೈಟ್ಲಿನ್ ಕ್ಲಾರ್ಕ್ ಇದ್ದ ಅಯೋವಾವನ್ನು 87-75ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಸೌತ್ ಕೆರೊಲಿನಾದ ಬೆಂಚ್‌ನಿಂದ ಬಂದವರು 37 ಪಾಯಿಂಟ್ ಹಾಕಿದರು. ಅಯೋವಾದ ಬೆಂಚ್‌ನಿಂದ ಒಂದೂ ಇಲ್ಲ. ಬೆಂಚ್‌ನಿಂದ ಎದ್ದು ಬಂದ ಮೊದಲ ವರ್ಷದ ಹುಡುಗಿ ಟೆಸ್ಸಾ ಜಾನ್ಸನ್ ಒಬ್ಬಳೇ 19 ಹಾಕಿದಳು. ಆ ಸೀಸನ್‌ನಲ್ಲಿ ಅವರು 38 ಪಂದ್ಯ ಆಡಿ 38ನ್ನೂ ಗೆದ್ದರು. ಈ ಲೆಕ್ಕವನ್ನು ನಮ್ಮ ಕ್ರೀಡಾ ಕೊಠಡಿಯ ಗೋಡೆ ಮೇಲೆ ಬರೆಸಿ ಹಾಕಿದ್ದೇನೆ.

ಸುಸ್ತಿನ ವಿಷಯದಲ್ಲಿ ನಾನು ಅನುಸರಿಸೋದು ಡೀನ್ ಸ್ಮಿತ್ ಪದ್ಧತಿ. 1961ರಿಂದ 1997ರವರೆಗೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು ಅವರು. ಅವರ ಆಟಗಾರ ಸುಸ್ತಾದರೆ ಮುಷ್ಟಿ ಎತ್ತಿ ತೋರಿಸಬೇಕಿತ್ತು. ಹಾಗೆ ತಾನಾಗಿ ಹೊರಗೆ ಬಂದವನು ಸುಧಾರಿಸಿಕೊಂಡ ಮೇಲೆ ತಾನೇ ವಾಪಸ್ ಹೋಗಬಹುದಿತ್ತು. ಕೇಳದೇ ಕುಂಟುತ್ತಾ ಆಡಿ ಕೋಚ್ ಕಣ್ಣಿಗೆ ಬಿದ್ದರೆ ಮತ್ತೆ ಯಾವಾಗ ಅನ್ನೋದು ಕೋಚ್ ಇಷ್ಟ. ನಮ್ಮಲ್ಲೂ ಇದೇ ನಿಯಮ. ಮುಷ್ಟಿ ಎತ್ತಿದರೆ ಜಾಗ ಹೋಗಲ್ಲ ಅಂತ ಗೊತ್ತಿರೋದರಿಂದ ಹುಡುಗಿಯರು ಧೈರ್ಯವಾಗಿ ಎತ್ತುತ್ತಾರೆ. ಇನ್ನೊಂದು ಉಪಾಯ ಎಲ್ಲ ಕೋಚ್‌ಗಳಿಗೂ ಗೊತ್ತಿರೋದೇ. ಮುಖ್ಯ ಆಟಗಾರ್ತಿಯನ್ನು ಕ್ವಾರ್ಟರ್ ಮುಗಿಯೋಕೆ ಒಂದೂವರೆ ನಿಮಿಷ ಇರುವಾಗ ಹೊರಗೆ ಕರೆಯೋದು. ಆಟದ ಗಡಿಯಾರದಲ್ಲಿ ಹೋಗೋದು ಒಂದೂವರೆ ನಿಮಿಷ. ಆದರೆ ಮಧ್ಯದ ಎರಡು ನಿಮಿಷದ ವಿರಾಮ, ಫ್ರೀ ಥ್ರೋ, ಬಾಲ್ ಹೊರಗೆ ಹೋದ ಹೊತ್ತು ಎಲ್ಲ ಸೇರಿದರೆ ಅವಳಿಗೆ ಸಿಗೋ ವಿಶ್ರಾಂತಿ ಅದರ ಎರಡು ಮೂರು ಪಟ್ಟು.

ಹುಡುಗಿಯರ ತಂಡ ನೋಡಿಕೊಳ್ಳುವವರು ಇದನ್ನೂ ಲೆಕ್ಕಕ್ಕೆ ತಗೋಬೇಕು. ಮುಟ್ಟಿನ ದಿನ ಕೆಲವರಿಗೆ ಏನೂ ಅನಿಸಲ್ಲ, ಕೆಲವರಿಗೆ ಎದ್ದು ನಿಲ್ಲೋದೇ ಕಷ್ಟ. ನನ್ನ ಹತ್ತಿರ ನೇರವಾಗಿ ಹೇಳಿ ಅಂತ ಮೊದಲ ದಿನವೇ ಹೇಳಿರುತ್ತೇನೆ. ಆ ದಿನದ ಟಿಕ್‌ಗಳನ್ನು ಸುಮ್ನೆ ಮುಂದಿನ ಪಂದ್ಯಕ್ಕೆ ಸರಿಸುತ್ತೇನೆ. ಯಾಕೆ ಅಂತ ಉಳಿದವರಿಗೆ ಹೇಳಲ್ಲ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪರ್ಸೆಂಟ್ ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಹಾಗಾಗಿ ಸೀಸನ್ ಶುರುವಾಗುವ ಮುಂಚೆ ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತೇವೆ. ಎರಡನೇ ಅರ್ಧದಲ್ಲಿ ನಿಧಾನವಾಗುವ ಹುಡುಗಿಯನ್ನು ಸೋಮಾರಿ ಅನ್ನೋ ಮುಂಚೆ ಆ ರಿಪೋರ್ಟ್ ನೋಡಬೇಕು.

ಫೌಲ್ ಲೆಕ್ಕ ಹಾಳೆಯನ್ನು ಕೆಡಿಸುತ್ತೆ, ಅದು ಇದ್ದದ್ದೇ. ಐದಾದರೆ ಹೊರಗೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಬಿದ್ದರೆ ಕೂರಿಸುತ್ತೇನೆ, ಆದರೆ ಅರ್ಧ ಪಂದ್ಯ ಪೂರ್ತಿ ಕೂರಿಸಲ್ಲ. ಕೊನೆಯ ಎರಡು ನಿಮಿಷಕ್ಕೆ ಹಾಳೆ ಮಡಚಿ ಜೇಬಿಗೆ ಹಾಕುತ್ತೇನೆ. ಆಗ ಫ್ರೀ ಥ್ರೋ ತಪ್ಪದವರು, ಬಾಲ್ ಕಳೆಯದವರು ಒಳಗೆ. ಡಿಫೆನ್ಸ್ ಬೇಕಾದಾಗ ಗಡಿಯಾರ ನಿಂತಾಗಲೆಲ್ಲ ಬದಲಾವಣೆ. ಆ ಹೊತ್ತಿಗೆ ಯಾರ ಪಾಲು ಎಷ್ಟು ಅಂತ ನಾನು ನೋಡಲ್ಲ. ಉಳಿದ 38 ನಿಮಿಷದಲ್ಲಿ ಎಲ್ಲರಿಗೂ ಪಾಲು ಸಿಕ್ಕಿದ್ದರೆ ಈ ಎರಡು ನಿಮಿಷದ ಬಗ್ಗೆ ಯಾರೂ ಮುಖ ಊದಿಸಲ್ಲ.

ಇದೆಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗೋದು ಮಾತಿಗೆ. ಪಂದ್ಯದ ಹಿಂದಿನ ಸಂಜೆ ಒಬ್ಬೊಬ್ಬಳನ್ನೇ ಕರೆದು ಹಾಳೆ ತೋರಿಸುತ್ತೇನೆ. ಇಂಥಾ ಹೊತ್ತಿಗೆ, ಇವರ ಜೊತೆ, ಈ ಕೆಲಸಕ್ಕೆ. ಎಲ್ಲಕ್ಕಿಂತ ಕಷ್ಟದ ಮಾತು ಒಬ್ಬ ಫೈನಲ್ ಇಯರ್ ಹುಡುಗಿ ಜೊತೆ ನಡೆಯಿತು. ಅವಳ ಜಾಗದಲ್ಲಿ ಫಸ್ಟ್ ಇಯರ್ ಹುಡುಗಿಯನ್ನು ಮೊದಲ ಐವರಿಗೆ ಹಾಕಿದ್ದೆ.

"ಮೇಡಂ, ಮೂರು ವರ್ಷದಿಂದ ಆಡ್ತಾ ಇದೀನಿ. ಅವಳು ನಿನ್ನೆ ಮೊನ್ನೆ ಬಂದವಳು."

"ಹೌದು ಕಣೇ. ಅವಳು ಶುರುವಿನಲ್ಲೇ ಇರಬೇಕು, ಬೆಂಚ್‌ನಿಂದ ತಣ್ಣಗೆ ಎದ್ದು ಹೋದರೆ ಅವಳಿಗೆ ಆಟ ಕೂರಲ್ಲ. ನಿನಗೆ ಕೂರುತ್ತೆ. ಐದು ನಿಮಿಷ ಕೂತು ಅವರ ಡಿಫೆನ್ಸ್ ನೋಡು. ಎಲ್ಲಿ ಸಂದು ಇದೆ ಅಂತ ನನಗಿಂತ ಮೊದಲು ನಿನಗೆ ಗೊತ್ತಾಗುತ್ತೆ."

"ಮನೇಲಿ ಏನಂತ ಹೇಳಲಿ?"

"ನಿನಗೆ 25 ನಿಮಿಷ ಇದೆ, ಅವಳಿಗೆ 15. ಅದನ್ನೇ ಹೇಳು."

ಅದು ನಿಜವೂ ಆಗಿತ್ತು. ಮೊದಲ ಐವರಲ್ಲಿ ಇರೋದೂ, ಜಾಸ್ತಿ ಆಡೋದೂ ಬೇರೆ ಬೇರೆ. ಅಮೆರಿಕದ ಆಟಗಾರ ಡೆವಿನ್ ಬುಕರ್ ಕೆಂಟಕಿ ವಿಶ್ವವಿದ್ಯಾಲಯದಲ್ಲಿ 2014-15ರ ಸೀಸನ್ ಪೂರ್ತಿ ಬೆಂಚ್‌ನಿಂದಲೇ ಬಂದ. ಒಂದು ಪಂದ್ಯವನ್ನೂ ಮೊದಲ ಐವರಲ್ಲಿ ಶುರು ಮಾಡಲಿಲ್ಲ. 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ಅಲ್ಲಿನ ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 13ನೆಯವನಾಗಿ ಆಯ್ಕೆಯಾದ. ಅದೇ ತಂಡದ ಕಾರ್ಲ್ ಆಂಟನಿ ಟೌನ್ಸ್ ಆ ಡ್ರಾಫ್ಟ್‌ನ ಮೊದಲನೆಯವನು. ಅವನು ಪಂದ್ಯಕ್ಕೆ ಆಡುತ್ತಿದ್ದದ್ದು 40ರಲ್ಲಿ ಸುಮಾರು 21 ನಿಮಿಷ. ಈ ಕಥೆಯನ್ನು ಅವಳಿಗೂ ಹೇಳಿದೆ, ಅವಳ ಅಪ್ಪ ಕಾಲೇಜಿಗೆ ಬಂದಾಗ ಅವರಿಗೂ ಹೇಳಿದೆ. ಅವರಿಗೆ ಡ್ರಾಫ್ಟ್ ಗೊತ್ತಿರಲಿಲ್ಲ, 21 ನಿಮಿಷ ಅರ್ಥವಾಯಿತು.

ಬೆಂಚ್‌ನಲ್ಲಿ ಕೂತವರಿಗೂ ಕೆಲಸ ಇರುತ್ತೆ. ಒಬ್ಬಳು ಎದುರಾಳಿಗಳ ಫೌಲ್ ಎಣಿಸುತ್ತಾಳೆ. ಒಂದು ಕ್ವಾರ್ಟರ್‌ನಲ್ಲಿ ಅವರ ತಂಡದ ನಾಲ್ಕು ಫೌಲ್ ತುಂಬಿತು ಅಂತ ಅವಳು ಕೂಗಿದ ಕೂಡಲೇ ನಮ್ಮವರು ಶೂಟ್ ಮಾಡೋದು ಬಿಟ್ಟು ಒಳಗೆ ನುಗ್ಗಬೇಕು, ಯಾಕಂದರೆ ಐದನೆಯದರಿಂದ ಫ್ರೀ ಥ್ರೋ. ಮುಂದೆ ಇಳಿಯಬೇಕಾದವಳು ಯಾವಾಗಲೂ ನನ್ನ ಪಕ್ಕದ ಕುರ್ಚಿಯಲ್ಲಿ. ನಾನು ಮಾತಾಡುತ್ತಾ ಇರೋದು ಅವಳ ಕಿವಿಗೆ ಬೀಳುತ್ತಿರಬೇಕು. "ಹೋಗಮ್ಮಾ" ಅಂದರೆ ಸಾಕು, ಸ್ಕೋರರ್ ಟೇಬಲ್‌ಗೆ ಹೋಗಿ ತಾನೇ ಹೇಳುತ್ತಾಳೆ.

ಇನ್ನು 12ರ ಪಟ್ಟಿಗೆ ಬರದೇ ಉಳಿದವರು. ಟ್ರಯಲ್ಸ್‌ಗೆ ಬಂದು ದಿನಾ ಬೆಳಿಗ್ಗೆ ಓಡುವ ಐದಾರು ಜನ ಯಾವಾಗಲೂ ಇರುತ್ತಾರೆ. ಅವರಿಗೆ ನಿಮಿಷ ಕೊಡೋಕೆ ಅಂತರ ಕಾಲೇಜು ಟೂರ್ನಿಯಲ್ಲಿ ದಾರಿ ಇಲ್ಲ. ಹಾಗಾಗಿ ಊರಿನ ಓಪನ್ ಟೂರ್ನಿಗಳಿಗೆ ಎರಡು ತಂಡ ಕಳಿಸುತ್ತೇನೆ. ಎರಡನೇ ತಂಡದಲ್ಲಿ ಇವರೆಲ್ಲ ಮೊದಲ ಐವರು. ನಮ್ಮ ಮುಖ್ಯ ತಂಡದ ಹತ್ತು, ಹನ್ನೊಂದು, ಹನ್ನೆರಡನೆಯವರೂ ಅಲ್ಲೇ ಆಡುತ್ತಾರೆ. ಅಲ್ಲಿ ಅವರಿಗೆ 30 ನಿಮಿಷ. ಮುಂದಿನ ತಿಂಗಳು ಅಂಥದ್ದೇ ಒಂದು ಟೂರ್ನಿ ಇದೆ. ಎರಡನೇ ತಂಡಕ್ಕೆ ಬಾಲ್ ತರುವವಳು ಇನ್ನೂ ಸಿಕ್ಕಿಲ್ಲ. ಒಬ್ಬ ಸೆಕೆಂಡ್ ಇಯರ್ ಹುಡುಗಿಗೆ ಎಡಗೈ ಡ್ರಿಬಲ್ ಕಲಿಸುತ್ತಾ ಇದ್ದೇನೆ.