ಮೇಲ್ಮನವಿಗೆ ಮೊದಲು ನಾನು ಹಾಕಿದ ಲೆಕ್ಕ

ರಸ್ತೆ ಅಪಘಾತದಲ್ಲಿ ಬಲ ಮೊಣಕಾಲಿಗೆ ಪೆಟ್ಟಾಗಿ, ಎರಡು ಶಸ್ತ್ರಚಿಕಿತ್ಸೆಗಳ ನಂತರವೂ ಕಾಲನ್ನು ಪೂರ್ತಿ ಮಡಿಸಲಾಗದ ಸ್ಥಿತಿ ಹಾಗೆಯೇ ಉಳಿದಾಗ, 2022ರಲ್ಲಿ ನಾನು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕಿದೆ. ವೈದ್ಯಕೀಯ ಮಂಡಳಿ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರದಲ್ಲಿ ಅಂಗವೈಕಲ್ಯದ ಪ್ರಮಾಣ ಶೇ. 34 ಎಂದಿತ್ತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಉದ್ಯೋಗ ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು, ರಾಜ್ಯದ ಮಾಸಾಶನ, ಬಸ್ಸಿನ ರಿಯಾಯಿತಿ ಪಾಸು, ಆದಾಯ ತೆರಿಗೆಯ ವಿನಾಯಿತಿಗಳೂ ಅದೇ ಗೆರೆಯಿಂದ ಆರಂಭವಾಗುತ್ತವೆ. ಹಾಗಾಗಿ ಕೈಯಲ್ಲಿ ಪ್ರಮಾಣಪತ್ರವಿದ್ದರೂ ಅದರಿಂದ ನನಗೆ ದೊರೆಯುವುದು ಏನೂ ಇರಲಿಲ್ಲ.

ಅದೇ ಅಧಿನಿಯಮದ 59ನೇ ಕಲಂ ಮೇಲ್ಮನವಿಯ ಹಕ್ಕನ್ನು ಕೊಡುತ್ತದೆ. ಎಷ್ಟು ದಿನಗಳೊಳಗೆ, ಯಾರ ಮುಂದೆ ಎಂಬುದನ್ನು ರಾಜ್ಯ ಸರ್ಕಾರದ ನಿಯಮಗಳಿಗೆ ಬಿಟ್ಟಿದೆ. ನಾನು ಮೊದಲು ಮಾಡಿದ ಕೆಲಸವೆಂದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ, ಆ ಕಡೆಯ ದಿನಾಂಕವನ್ನೂ ಮೇಲ್ಮನವಿ ಸ್ವೀಕರಿಸುವ ಪ್ರಾಧಿಕಾರದ ಹೆಸರನ್ನೂ ಕೇಳಿ ಬರೆದುಕೊಂಡದ್ದು. ಮೇಲ್ಮನವಿ ಸಲ್ಲಿಸಬೇಕೋ ಬೇಡವೋ ಎಂದು ಮನೆಯಲ್ಲಿ ಕುಳಿತು ಯೋಚಿಸುತ್ತಿರುವಾಗಲೇ ಅವಧಿ ಮುಗಿದುಹೋದವರನ್ನು ನಾನು ಬಲ್ಲೆ. ಅವರಿಗಾದ ಅನ್ಯಾಯ ಎಷ್ಟೇ ಸ್ಪಷ್ಟವಾಗಿದ್ದರೂ ಆಮೇಲೆ ದಾರಿ ಬಹಳ ಕಷ್ಟದ್ದಾಗುತ್ತದೆ.

ಕಚೇರಿಯಿಂದ ಹೊರಬರುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕೋಪ ಮಾತ್ರ. ಮೆಟ್ಟಿಲು ಹತ್ತುವಾಗ ಪಡುವ ಪಾಡನ್ನೆಲ್ಲ ಬರೆದು ಅಂದೇ ಅರ್ಜಿ ಕೊಟ್ಟುಬಿಡಬೇಕು ಎನಿಸಿತ್ತು. ಹಾಗೆ ಮಾಡದಂತೆ ತಡೆದವರು ನನಗೆ ಚಿಕಿತ್ಸೆ ನೀಡುತ್ತಿದ್ದ ಫಿಸಿಯೋಥೆರಪಿಸ್ಟ್. "ಒಟ್ಟು ಅಂಕ ನೋಡಿ ಬೇಜಾರು ಮಾಡ್ಕೋಬೇಡಿ ಸರ್, ಅದು ಹೇಗೆ ಬಂತು ಅನ್ನೋ ಹಾಳೆ ತರಿಸಿಕೊಳ್ಳಿ" ಎಂದರು. ಮಂಡಳಿಯ ಅಳತೆಯ ಹಾಳೆಯ ಪ್ರತಿ ಕೊಡುವಂತೆ ಆಸ್ಪತ್ರೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದೆ. ಉತ್ತರ ಬರಲಿಲ್ಲ. ವಾರದ ನಂತರ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದೆ. ಅದಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಮೇಲ್ಮನವಿಯ ಅವಧಿಯಲ್ಲಿ ಅಷ್ಟು ದಿನ ಕರಗಿಹೋಗುತ್ತದೆ ಎಂಬ ಆತಂಕ ನನಗಿತ್ತು. ಪತ್ರ ಮತ್ತು ಅರ್ಜಿ ಎರಡನ್ನೂ ಮೊದಲ ದಿನವೇ ಕೊಟ್ಟಿದ್ದರೆ ಒಳ್ಳೆಯದಿತ್ತು.

ಹಾಳೆ ಕೈಗೆ ಬಂದ ಮೇಲೆ ವಿಷಯವೇ ಬೇರೆಯಾಗಿ ಕಂಡಿತು. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಹೊರಡಿಸಿದ, ಆಗ ಜಾರಿಯಲ್ಲಿದ್ದ ಮಾರ್ಗಸೂಚಿಯಂತೆ ಕಾಲಿನ ವೈಕಲ್ಯವನ್ನು ಎರಡು ಭಾಗಗಳಲ್ಲಿ ಅಳೆಯಲಾಗಿತ್ತು. ಒಂದು ಚಲನೆಯ ಭಾಗ: ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂಬುದು. ಇನ್ನೊಂದು ಸ್ಥಿರತೆಯ ಭಾಗ: ಸಮತಟ್ಟಾದ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನ ಮೇಲೆ ನಿಲ್ಲುವುದು, ಪೆಟ್ಟಾದ ಕಾಲಿನ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು ಎಂಬ ಒಂಬತ್ತು ಕೆಲಸಗಳು, ಮಾಡಲಾಗದ ಒಂದೊಂದಕ್ಕೂ 10 ಅಂಕ. ಈ ಎರಡು ಭಾಗಗಳನ್ನು ನೇರವಾಗಿ ಕೂಡಿಸುವುದಿಲ್ಲ. 90ರಿಂದ ದೊಡ್ಡ ಅಂಕವನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸುತ್ತಾರೆ.

ನನ್ನ ಹಾಳೆಯಲ್ಲಿ ಚಲನೆಗೆ 18, ಸ್ಥಿರತೆಗೆ 20 ಎಂದಿತ್ತು. 70ನ್ನು 18ರಿಂದ ಗುಣಿಸಿ 90ರಿಂದ ಭಾಗಿಸಿದರೆ 14. ಅದನ್ನು 20ಕ್ಕೆ ಸೇರಿಸಿದರೆ 34. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಸ್ಥಿರತೆಯ ಪಟ್ಟಿಯಲ್ಲಿ ಕುಕ್ಕರಗಾಲು ಮತ್ತು ಚಕ್ಕಳಮಕ್ಕಳ ಇವೆರಡು ಮಾತ್ರ 'ಆಗುವುದಿಲ್ಲ' ಎಂದಿದ್ದವು; ಮಂಡಿಯೂರುವುದು 'ಆಗುತ್ತದೆ' ಎಂದು ದಾಖಲಾಗಿತ್ತು. ಅಂದು ನನ್ನನ್ನು ಮಂಡಿಯೂರಲು ಯಾರೂ ಹೇಳಿರಲಿಲ್ಲ, ಅಪಘಾತವಾದಂದಿನಿಂದ ನಾನು ಮಂಡಿಯೂರಿದ್ದೂ ಇಲ್ಲ. ಆ ಒಂದು ಸಾಲು ಸರಿಯಾದರೆ ಸ್ಥಿರತೆ 30 ಆಗಿ ಒಟ್ಟು 42ಕ್ಕೆ ಏರುತ್ತಿತ್ತು. ನನ್ನ ನೋವು, ಓಡಾಟದ ಕಷ್ಟ ಇವೆಲ್ಲ ನಿಜವೇ ಆದರೂ ಮೇಲ್ಮನವಿಗೆ ನನಗಿದ್ದ ಗಟ್ಟಿಯಾದ ಆಧಾರ ಅದೊಂದೇ ಸಾಲು.

ಅಷ್ಟಕ್ಕೇ ನಾನು ನಿರ್ಧಾರಕ್ಕೆ ಬರಲಿಲ್ಲ, ಏಕೆಂದರೆ ಮರುಪರೀಕ್ಷೆ ಎಂದರೆ ನನಗೆ ಅನುಕೂಲವಾದ ಸಾಲನ್ನಷ್ಟೇ ನೋಡುವುದಲ್ಲ, ಇಡೀ ಕಾಲನ್ನು ಹೊಸದಾಗಿ ಅಳೆಯುವುದು. ಸ್ಥಿರತೆ 30 ಆದರೂ ಚಲನೆಯ ಅಂಕ 15ಕ್ಕಿಂತ ಕೆಳಗಿಳಿದರೆ ಒಟ್ಟು 40 ಮುಟ್ಟುವುದಿಲ್ಲ. ಮಂಡಳಿಯ ಮುಂದೆ ಹೋದ ನಂತರವೂ ನಾನು ವ್ಯಾಯಾಮ ನಿಲ್ಲಿಸಿರಲಿಲ್ಲ, ಕಾಲು ಸ್ವಲ್ಪ ಹೆಚ್ಚು ಮಡಚುತ್ತಿತ್ತು. ವ್ಯಾಯಾಮ ಬಿಟ್ಟುಬಿಡು ಎಂದು ಸಲಹೆ ಕೊಟ್ಟವರೂ ಇದ್ದರು. ಶೇಕಡಾವಾರಿಗಾಗಿ ಕಾಲನ್ನು ಕೆಡಿಸಿಕೊಳ್ಳುವ ಆ ಮಾತನ್ನು ಯಾರೂ ಯಾರಿಗೂ ಹೇಳಬಾರದು. ಇಲ್ಲದ ಕಷ್ಟವನ್ನು ನಟಿಸುವುದಂತೂ ಅಪರಾಧ, ವಂಚನೆಯಿಂದ ಸೌಲಭ್ಯ ಪಡೆದರೆ 2016ರ ಅದೇ ಅಧಿನಿಯಮದ 91ನೇ ಕಲಂನಡಿ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾನು ಫಿಸಿಯೋಥೆರಪಿಸ್ಟ್ ಬಳಿ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಇಟ್ಟು ಕೀಲನ್ನು ಮತ್ತೆ ಅಳೆಯಿಸಿಕೊಂಡೆ. ಚಲನೆಯ ಅಂಕ 16ರ ಆಸುಪಾಸಿಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಹೋಗುವ ಸಂಭವ ಕಡಿಮೆ ಎಂದು ಅವರು ಹೇಳಿದ ಮೇಲೆಯೇ ಮೇಲ್ಮನವಿ ಸಲ್ಲಿಸುವುದೆಂದು ತೀರ್ಮಾನಿಸಿದೆ. ಕಳೆದುಕೊಳ್ಳಲು ನನಗೆ ಹೆಚ್ಚೇನೂ ಇರಲಿಲ್ಲ ಎಂಬುದೂ ನಿಜ: 34 ಹೋಗಿ 32 ಆದರೂ ಬದುಕಿನಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ.

ಅರ್ಜಿ ಒಂದೂವರೆ ಪುಟವಿತ್ತು. ಮಂಡಳಿಯ ವೈದ್ಯರ ಬಗ್ಗೆ ಒಂದು ಕಟು ಮಾತನ್ನೂ ಬರೆಯಲಿಲ್ಲ. ಯಾವ ಚಟುವಟಿಕೆಯನ್ನು ಪರೀಕ್ಷಿಸಿಲ್ಲ, ಅದು ಹಾಳೆಯಲ್ಲಿ ಹೇಗೆ ದಾಖಲಾಗಿದೆ ಎಂಬುದನ್ನು ತಿಳಿಸಿ, ಮೂಳೆ ತಜ್ಞರ ವರದಿಯನ್ನು ಲಗತ್ತಿಸಿದೆ. ಮರುಪರೀಕ್ಷೆಯಲ್ಲಿ ಒಂಬತ್ತು ಕೆಲಸಗಳನ್ನೂ ಒಂದೊಂದಾಗಿ ಮಾಡಿಸಿ ನೋಡಿದರು. ಸ್ಥಿರತೆ 30, ಚಲನೆ 16, ಒಟ್ಟು ಶೇ. 41. ಚಲನೆಯ ಭಾಗದಲ್ಲಿ ಎರಡು ಅಂಕ ನಿಜವಾಗಿಯೂ ಇಳಿದಿದ್ದವು.

ಮರುವರ್ಷ, 2023ರಲ್ಲಿ, ನನ್ನ ದೊಡ್ಡಮ್ಮನಿಗೆ ಶ್ರವಣದೋಷಕ್ಕೆ ಶೇ. 52ರ ಪ್ರಮಾಣಪತ್ರ ಬಂತು. ಶೇ. 75 ದಾಟಿದರೆ ಮಾಸಾಶನ 800ರ ಬದಲು 1,400 ರೂಪಾಯಿ ಆಗುತ್ತಿದ್ದುದರಿಂದ, "ನಿನ್ನ ಹಾಗೇ ನನಗೂ ಒಂದು ಅರ್ಜಿ ಬರೆದುಕೊಡು ಮಗಾ" ಎಂದು ಕೇಳಿದರು. ಅವರ ಹಾಳೆಯನ್ನೂ ತರಿಸಿ ನೋಡಿದೆವು. ಎರಡೂ ಕಿವಿಗಳ ಆಡಿಯೋಗ್ರಾಂ (ಶ್ರವಣಶಕ್ತಿಯ ನಕ್ಷೆ) ಇತ್ತು, ಶಬ್ದಕ್ಕೆ ನರ ಹಾಗೂ ಮಿದುಳಿನ ಪ್ರತಿಕ್ರಿಯೆಯನ್ನು ಅಳೆಯುವ ಬೆರಾ ಪರೀಕ್ಷೆಯ ಫಲಿತಾಂಶವೂ ಅದಕ್ಕೆ ಹೊಂದುತ್ತಿತ್ತು, ಬಿಟ್ಟುಹೋದ ಅಳತೆ ಯಾವುದೂ ಇರಲಿಲ್ಲ. 23 ಅಂಕಗಳ ಅಂತರವನ್ನು ತುಂಬಬಲ್ಲ ತಪ್ಪು ಎಲ್ಲಿಯೂ ಕಾಣಲಿಲ್ಲ. ಮುಂದೆ ಶ್ರವಣಶಕ್ತಿ ಇನ್ನೂ ಕುಗ್ಗಿದರೆ ಅದು ಮೇಲ್ಮನವಿಯ ವಿಷಯವಲ್ಲ, ಹೊಸ ಮೌಲ್ಯಮಾಪನದ ವಿಷಯ ಎಂದು ಅವರಿಗೆ ವಿವರಿಸಿದೆ. ಅರ್ಜಿ ಬರೆಯಲಿಲ್ಲ. ಅವರಿಗೆ ಮೊದಲು ಬೇಸರವಾಯಿತು. ಒಂದೆರಡು ದಿನ ಕಳೆದು, ಶೇ. 52ರ ಅದೇ ಪ್ರಮಾಣಪತ್ರದ ಆಧಾರದ ಮೇಲೆ ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯಡಿ ಶ್ರವಣ ಸಾಧನಕ್ಕೆ ಅರ್ಜಿ ಹಾಕಲು ನಾವಿಬ್ಬರೂ ಜೊತೆಯಾಗಿ ಹೋದೆವು.