ಮೇಷ್ಟ್ರು ವಾಪಸ್ ಕೊಟ್ಟ ಕವರ್

ಮೈಸೂರಿನಲ್ಲಿ ಸೈಟು, ಮನೆ ಮಾರಿಸುವುದು, ಬಾಡಿಗೆಗೆ ಕೊಡಿಸುವುದು ನನ್ನ ಕೆಲಸ. ಆಫೀಸು ಅಂದರೆ ಕುವೆಂಪುನಗರದ ಒಂದು ಪುಟ್ಟ ಅಂಗಡಿ, ಮೂರು ಕುರ್ಚಿ, ಒಂದು ಟೇಬಲ್ಲು. ಪೇಪರಿನಲ್ಲೂ ಫೇಸ್‌ಬುಕ್ಕಿನಲ್ಲೂ ಜಾಹೀರಾತು ಹಾಕಿ ನೋಡಿದ್ದೇನೆ. ಫೋನುಗಳೇನೋ ಬರುತ್ತವೆ, ಅರ್ಧಕ್ಕರ್ಧ ನನ್ನಂಥ ಬ್ರೋಕರುಗಳದ್ದೇ. ನಿಜವಾಗಿ ಕೊಳ್ಳುವವರು ಮಾತು ಶುರು ಮಾಡುವುದೇ "ಇಂಥವರು ನಿಮ್ಮ ನಂಬರ್ ಕೊಟ್ಟರು" ಅಂತ.

ಹಾಗೆ ನಂಬರ್ ಕೊಟ್ಟವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಅವರ ಹಳೇ ಮನೆ ನಾನೇ ಮಾರಿಸಿಕೊಟ್ಟಿದ್ದೆ. ಆಮೇಲೆ ತಮ್ಮ ಹಳೇ ವಿದ್ಯಾರ್ಥಿಯೊಬ್ಬನನ್ನು ಕಳಿಸಿದರು. ದಟ್ಟಗಳ್ಳಿಯಲ್ಲಿ ಅವನಿಗೊಂದು 30×40 ಸೈಟು ಕೊಡಿಸಿದೆ. ರಿಜಿಸ್ಟ್ರೇಷನ್ ಆಯಿತು, ನನ್ನ ಒಂದು ಪರ್ಸೆಂಟ್ ಕಮಿಷನ್ ಕೈಗೆ ಬಂತು. ಖುಷಿಯಲ್ಲಿ ಐದು ಸಾವಿರ ಕವರಿಗೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ.

ಅವರು ಕವರ್ ಬಿಚ್ಚಲೂ ಇಲ್ಲ. ಎರಡು ಬೆರಳಲ್ಲಿ ಟೀಪಾಯಿ ಮೇಲೆ ನನ್ನ ಕಡೆಗೆ ತಳ್ಳಿದರು. "ನಾನೇನು ಬ್ರೋಕರೇನಪ್ಪಾ? ಹುಡುಗ ನನ್ನನ್ನ ನಂಬಿ ಕೇಳಿದ. ನಾನು ಇದರಲ್ಲಿ ದುಡ್ಡು ತಗೊಂಡೆ ಅಂತ ಗೊತ್ತಾದರೆ ಏನಂದುಕೊಂಡಾನು?" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ರಿಜಿಸ್ಟ್ರೇಷನ್ ಆಗಿ ನಾಲ್ಕು ದಿನ ಆಯ್ತಂತೆ. ಅವನ ಅಮ್ಮ ದೇವಸ್ಥಾನದಲ್ಲಿ ಸಿಕ್ಕಿ ಹೇಳಿದರು. ನೀನೊಂದು ಫೋನ್ ಮಾಡಬಹುದಿತ್ತು."

ಅಮ್ಮಾವ್ರು ಕಾಫಿ ಕೊಟ್ಟರು, ಕುಡಿದೆ. ಕವರ್ ಜೇಬಿಗೆ ಹಾಕಿಕೊಂಡು ಬಂದೆ. ಬೈಸಿಕೊಂಡಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅವತ್ತಿನಿಂದ ಡೈರಿಯಲ್ಲಿ ಗಿರಾಕಿ ಹೆಸರಿನ ಪಕ್ಕ ಯಾರು ಕಳಿಸಿದ್ದು ಅಂತ ಬರೆದಿಡುತ್ತೇನೆ. ಗಿರಾಕಿ ಫೋನ್ ಮಾಡಿದ ದಿನವೇ ಕಳಿಸಿದವರಿಗೆ ಒಂದು ಫೋನ್: "ನಿಮ್ಮ ಕಡೆಯವರು ಮಾತಾಡಿದರು ಸಾರ್, ಭಾನುವಾರ ಸೈಟು ತೋರಿಸ್ತೀನಿ." ಕೆಲಸ ಮುಗಿದ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಇಳಿಯುವಾಗಲೇ ಇನ್ನೊಂದು. ಎಷ್ಟಕ್ಕೆ ಆಯಿತು ಅಂತ ಮಾತ್ರ ಹೇಳುವುದಿಲ್ಲ. ಕೆಲವರು ಕೆದಕಿ ಕೆದಕಿ ಕೇಳುತ್ತಾರೆ. "ಅವರನ್ನೇ ಕೇಳಿ ಸಾರ್" ಅಂದು ನಕ್ಕುಬಿಡುತ್ತೇನೆ. ಆ ವಿಷಯ ಕೊಂಡವರದ್ದು.

ವ್ಯವಹಾರ ಮುರಿದುಬಿದ್ದಾಗ ಫೋನ್ ಮಾಡುವುದೇ ಕಷ್ಟ. ಒಂದು ಸಲ ಬ್ಯಾಂಕಿನ ಮೇಡಂ ಒಬ್ಬರು ತಮ್ಮ ಜೊತೆ ಕೆಲಸ ಮಾಡುವವರನ್ನು ಕಳಿಸಿದ್ದರು. ಮನೆ ಒಪ್ಪಿಗೆಯಾಗಿ ಅಡ್ವಾನ್ಸ್ ಕೊಡುವ ಹಂತಕ್ಕೆ ಬಂದಿತ್ತು. ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಇ.ಸಿ.ಯಲ್ಲಿ (ಋಣಭಾರ ಪತ್ರ) ಏನೂ ತೊಂದರೆ ಇರಲಿಲ್ಲ. ಆದರೆ ಅದು ಪಿತ್ರಾರ್ಜಿತ ಆಸ್ತಿ. ವಂಶವೃಕ್ಷ ತರಿಸಿ ನೋಡಿದರೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮಾರಲು ಬಂದವರು ಗಂಡುಮಕ್ಕಳು ಮಾತ್ರ. "ಅವರಿಗೆ ಮದುವೆಯಲ್ಲಿ ಕೊಟ್ಟಾಯ್ತು" ಅಂದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆದಮೇಲೆ ಆ ಮಾತು ನಡೆಯುವುದಿಲ್ಲ ಅಲ್ವಾ? ಅಕ್ಕತಂಗಿಯರ ಸಹಿ ಹಾಕಿಸಿ, ಇಲ್ಲಾ ಹಕ್ಕು ಬಿಡುಗಡೆ ಪತ್ರ ತನ್ನಿ ಅಂದೆ. ತರಲಿಲ್ಲ. ಗಿರಾಕಿಗೆ ಬೇಡ ಅಂದೆ. ಎರಡು ತಿಂಗಳ ಓಡಾಟ ನೀರಿಗೆ ಹೋಯಿತು, ಒಂದು ರೂಪಾಯಿ ಹುಟ್ಟಲಿಲ್ಲ. ಅವತ್ತು ಸಂಜೆ ಗಿರಾಕಿಯನ್ನು ಕೇಳಿಕೊಂಡು ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಳ್ಳೇದಾಯ್ತು ಬಿಡಿ" ಅಂದರು, ಅಷ್ಟೇ. ಆಮೇಲೆ ಅವರ ಬ್ರಾಂಚಿನಿಂದಲೇ ಮೂವರು ಬಂದರು.

ದುಡ್ಡೇ ಕೊಡಬಾರದು ಅಂತಲ್ಲ. ನಮ್ಮ ರಸ್ತೆಯ ಇಸ್ತ್ರಿ ಅಣ್ಣನಿಗೆ ಯಾರು ಮನೆ ಖಾಲಿ ಮಾಡುತ್ತಾರೆ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರಿಗೆ ಮೈಸೂರು ಪಾಕ್ ಡಬ್ಬ ಕೊಟ್ಟು ಕೈಮುಗಿದರೆ ಅದು ಅವಮಾನ. ಬಾಡಿಗೆ ಮನೆಯಿಂದ ಒಂದು ತಿಂಗಳ ಬಾಡಿಗೆ ನನಗೆ ಬಂದರೆ ಅದರಲ್ಲಿ ಅವರ ಪಾಲು ಇಷ್ಟು ಅಂತ ಮೊದಲೇ ಮಾತಾಗಿದೆ, ಅದೇ ದಿನ ಕೊಡುತ್ತೇನೆ. ಆದರೆ ಲೇಔಟ್ ಪ್ರಾಜೆಕ್ಟ್‌ಗಳ ಸೈಟಿನಲ್ಲಿ ಯಾರಿಗೂ ಪಾಲು ಹಂಚುವುದಿಲ್ಲ. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ಅಂಥ ಸೈಟು ಮಾರಿಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ನಾನು ಮಾಡಿಸಿದ್ದೇನೆ, ಪಾಪ ಇಸ್ತ್ರಿ ಅಣ್ಣ ಎಲ್ಲಿ ಮಾಡಿಸಬೇಕು?

ದುಡ್ಡು ಮುಟ್ಟದವರಿಗೆ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿಕೊಡುತ್ತೇನೆ. ಏಪ್ರಿಲ್ ಬಂತು ಅಂದರೆ ಫೋನ್ ಮಾಡಿ "ಮನೆ ಕಂದಾಯ ಈ ತಿಂಗಳೇ ಕಟ್ಟಿಬಿಡಿ, 5 ಪರ್ಸೆಂಟ್ ಕಡಿಮೆ ಆಗುತ್ತೆ" ಅಂತ ನೆನಪಿಸುತ್ತೇನೆ. 2024ರಲ್ಲಿ ರಿಜಿಸ್ಟ್ರೇಷನ್‌ಗೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಕಡ್ಡಾಯ ಮಾಡಿದಾಗ ವಯಸ್ಸಾದವರೆಲ್ಲ ಗಾಬರಿಯಾಗಿದ್ದರು. ಮೇಷ್ಟ್ರ ಈಗಿನ ಮನೆಯ ಪತ್ರಗಳನ್ನು ನಾನೇ ಜೋಡಿಸಿ ಅರ್ಜಿ ಹಾಕಿಸಿದೆ. ಅದಕ್ಕೆ ಮಾತ್ರ ಅವರು ಬೇಡ ಅನ್ನಲಿಲ್ಲ.

ಆಷಾಢದಲ್ಲಿ ಹೇಗೂ ರಿಜಿಸ್ಟ್ರೇಷನ್ ಜಾಸ್ತಿ ಇರುವುದಿಲ್ಲ. ಆಗ ಡೈರಿ ಹಿಡಿದು ದಿನಕ್ಕೆ ಒಂದೆರಡು ಮನೆಗೆ ಹೋಗಿ ಬರುತ್ತೇನೆ. ದೇವರಾಜ ಮಾರ್ಕೆಟ್ಟಿನಿಂದ ಒಂದು ಚಿಪ್ಪು ರಸಬಾಳೆ, ಒಂದು ಮೊಳ ಮಲ್ಲಿಗೆ. "ಯಾರಾದರೂ ಇದ್ದರೆ ಹೇಳಿ" ಅಂತ ಆ ಹೊತ್ತಿನಲ್ಲಿ ಬಾಯಿಬಿಡಬಾರದು. ಬಿಟ್ಟರೆ ಬಾಳೆಹಣ್ಣು ಲಂಚ ಆಗಿಬಿಡುತ್ತದೆ.

ಡೈರಿ ಶುರು ಮಾಡುವ ಮೊದಲು ನಮ್ಮ ಕ್ರಾಸಿನ ಕಿರಾಣಿ ಅಂಗಡಿಯ ಅಕ್ಕ ನನಗೆ ನಾಲ್ಕು ಬಾಡಿಗೆದಾರರನ್ನು ಕಳಿಸಿದ್ದರು. ಒಂದು ಸಲವೂ ಹೋಗಿ ಹೇಳಿರಲಿಲ್ಲ. ನೆನಪಾಗಿ ಸ್ವೀಟ್ ಡಬ್ಬ ಹಿಡಿದು ಹೋಗುವಷ್ಟರಲ್ಲಿ ಅಂಗಡಿ ಗೋಡೆಗೆ ಇನ್ನೊಬ್ಬ ಬ್ರೋಕರ್ ಕಾರ್ಡ್ ಅಂಟಿಸಿದ್ದ. ಡಬ್ಬ ತಗೊಂಡರು, ನಗುತ್ತಲೇ ಮಾತಾಡಿಸಿದರು. ಈಗಲೂ ದಿನಾ ಹಾಲು ಅಲ್ಲೇ ತರುತ್ತೇನೆ. ಮನೆ ವಿಷಯ ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.