ಹತ್ತಿಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಕಸ ಕಡಿಮೆ ಮಾಡುವುದು ಹೇಗೆ?

ಬಾಗಲಕೋಟೆ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳಿಗಿಂತ ಸಣ್ಣ ನರ್ಸಿಂಗ್ ಹೋಮ್‌ಗಳೇ ಜಾಸ್ತಿ. ನವನಗರ, ಜಮಖಂಡಿ, ಮುಧೋಳ, ಇಳಕಲ್, ಎಲ್ಲಿ ಹೋದರೂ ಕೆಳಗೆ ಮೆಡಿಕಲ್ ಅಂಗಡಿ, ಮೇಲೆ ಹತ್ತಿಪ್ಪತ್ತು ಹಾಸಿಗೆ. ದೊಡ್ಡ ಆಸ್ಪತ್ರೆಯಲ್ಲಿ ಕಸ ನೋಡಿಕೊಳ್ಳಲೆಂದೇ ಜನ ಇರುತ್ತಾರೆ. ಇಲ್ಲಿ ಇರುವುದು ಒಬ್ಬರು ಸಿಸ್ಟರ್, ಒಬ್ಬರು ಆಯಾ, ರಾತ್ರಿ ಪಾಳಿಗೆ ಒಬ್ಬ ಹುಡುಗ. ಈ ಲೇಖನ ಅವರಿಗೆ, ಅವರ ಡಾಕ್ಟರಿಗೆ, ಜೊತೆಗೆ ಪೇಶಂಟ್ ಪಕ್ಕ ಸ್ಟೂಲ್ ಮೇಲೆ ಕೂತು ರಾತ್ರಿ ಕಳೆಯುವ ಮನೆಯವರಿಗೆ.

ಮೊದಲು ಒಂದು ವಾರ ತೂಗಿ ನೋಡಿ

ಹೊಸ ಬಕೆಟ್ ತರುವ ಮೊದಲು ಒಂದು ಕೊಕ್ಕೆ ತಕ್ಕಡಿ ತನ್ನಿ. ದಿನಾ ಬೆಳಿಗ್ಗೆ ಪ್ರತಿ ಬಣ್ಣದ ಚೀಲವನ್ನೂ ಬೇರೆ ಬೇರೆ ತೂಗಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಅದರ ಜೊತೆ ಮುನ್ಸಿಪಾಲಿಟಿ ಗಾಡಿಗೆ ಹೋಗುವ ಕಸವನ್ನೂ ತೂಗಿ. ಚೀಲ ಬಿಚ್ಚಿ ಕೈ ಹಾಕಬೇಡಿ, ತೂಕ ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಆಸ್ಪತ್ರೆ ಕಸದಲ್ಲಿ ಸುಮಾರು 85% ಮನೆ ಕಸದಂಥದ್ದೇ. ಔಷಧಿ ಡಬ್ಬಿಯ ರಟ್ಟು, ಚಹಾ ಕಪ್ಪು, ಬಾಳೆಹಣ್ಣಿನ ಸಿಪ್ಪೆ, ಕಾಗದ. ಅಪಾಯಕಾರಿ ಎನ್ನುವಂಥದ್ದು 15% ಮಾತ್ರ. ನಿಮ್ಮ ಹಾಳೆಯಲ್ಲಿ ರಕ್ತ ಮೆತ್ತಿದಂಥ ಕಸಕ್ಕೆಂದು ಇಟ್ಟ ಹಳದಿ ಚೀಲದ ತೂಕವೇ ಎಲ್ಲಕ್ಕಿಂತ ಜಾಸ್ತಿ ಬಂದರೆ, ಸಿಪ್ಪೆ, ಚಹಾ ಕಪ್ಪು ಎಲ್ಲ ಅದರಲ್ಲೇ ಬೀಳುತ್ತಿವೆ ಎಂದು ಅನುಮಾನಪಡಿ. ಹಾಗೆ ಕಲೆತರೆ ಒಳ್ಳೆಯ ಕಸವೂ ಕೆಟ್ಟ ಕಸದ ಲೆಕ್ಕಕ್ಕೇ ಸೇರುತ್ತದೆ. ಹಳದಿ ಚೀಲ ಸಾಮಾನ್ಯವಾಗಿ ಹೋಗುವುದು ಸುಡುವ ಕುಲುಮೆಗೆ. ಅದರ ಎರಡನೇ ಕೋಣೆಯಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು ಎನ್ನುತ್ತದೆ ನಿಯಮ. ಅಷ್ಟು ಇಂಧನ ಉರಿಸಿ ಬಾಳೆಹಣ್ಣಿನ ಸಿಪ್ಪೆ ಸುಡುವುದು ಎಂಥ ನಷ್ಟ ಅಲ್ವಾ?

ಬಕೆಟ್ ಎಲ್ಲಿಡಬೇಕು?

ಬಣ್ಣಗಳು ಆಸ್ಪತ್ರೆಯವರಿಗೆಲ್ಲ ಗೊತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಚಾರ್ಟ್ ಪ್ರತಿ ಆಸ್ಪತ್ರೆಯ ಗೋಡೆಯ ಮೇಲೂ ಇರುತ್ತದೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜ್, ಪ್ಲಾಸ್ಟರ್, ಹೆರಿಗೆಯ ಮಾಸು ಹಳದಿಗೆ. ಸಲೈನ್ ಬಾಟಲಿ, ಅದರ ನಳಿಕೆ, ಮೂತ್ರದ ಚೀಲ, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ವಯಲ್, ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಶೀಶೆಗಳು) ನೀಲಿ ಡಬ್ಬಿಗೆ.

ತಪ್ಪುವುದು ಜಾಗದಲ್ಲಿ. ನಾಲ್ಕೂ ಬಕೆಟ್‌ಗಳನ್ನು ಕಾರಿಡಾರಿನ ಕೊನೆಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಅದು ಚೆನ್ನಾಗಿ ಕಾಣುತ್ತದೆ. ಆದರೆ ಸಿಸ್ಟರ್ ಸೂಜಿ ಚುಚ್ಚುವುದು ಹಾಸಿಗೆಯ ಪಕ್ಕ. ಕೈಯಲ್ಲಿ ಸಿರಿಂಜ್, ಹತ್ತಿ, ಒಡೆದ ಆಂಪೂಲ್, ಕಿತ್ತ ಕವರ್ ಎಲ್ಲವೂ ಒಂದೇ ಟ್ರೇಯಲ್ಲಿ. ಆ ಟ್ರೇ ಹೊತ್ತು ಕಾರಿಡಾರ್ ತುದಿಗೆ ಹೋಗುವಷ್ಟರಲ್ಲಿ ಇನ್ನೊಂದು ಬೆಡ್‌ನಿಂದ ಕರೆ ಬರುತ್ತದೆ. ಟ್ರೇ ಹಾಗೇ ಹತ್ತಿರದ ಬಕೆಟ್‌ಗೆ ಬೋರಲು. ಇದರಲ್ಲಿ ಸಿಸ್ಟರ್ ತಪ್ಪಿಲ್ಲ, ಬಕೆಟ್ ಇಟ್ಟವರ ತಪ್ಪಿದೆ.

ಅದಕ್ಕೆ ಡ್ರೆಸ್ಸಿಂಗ್ ಟ್ರಾಲಿಗೇ ಸಣ್ಣ ಚೀಲಗಳನ್ನು ಕಟ್ಟಿ. ಮೇಲಿನ ಅಟ್ಟಣೆಯಲ್ಲಿ ಸೂಜಿ ಕತ್ತರಿಸುವ ಕಟರ್ ಮತ್ತು ಬಿಳಿ ಡಬ್ಬಿ. ಬದಿಗೆ ಕೆಂಪು, ಹಳದಿ ಚೀಲ. ಕೆಳಗೆ ಕವರ್, ಕಾಗದಕ್ಕೆ ಬೇರೆ ಬುಟ್ಟಿ. ಕೈ ಬಿಟ್ಟಲ್ಲೇ ಕಸ ತನ್ನ ಜಾಗಕ್ಕೆ ಬೀಳಬೇಕು. ಒಮ್ಮೆ ಕಲೆತದ್ದನ್ನು ಆಮೇಲೆ ಕೈ ಹಾಕಿ ಬೇರೆ ಮಾಡಲು ಹೋದರೆ ಆಯಾಗೆ ಸೂಜಿ ಚುಚ್ಚುತ್ತದೆ. ರೋಗಿಯ ರಕ್ತದಲ್ಲಿ ಹೆಪಟೈಟಿಸ್ ಬಿ (ಲಿವರಿಗೆ ತಗಲುವ ವೈರಸ್) ಇದ್ದು, ಚುಚ್ಚಿಸಿಕೊಂಡವರು ಲಸಿಕೆ ಹಾಕಿಸಿಕೊಳ್ಳದಿದ್ದರೆ ರೋಗ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ಆಯಾ, ಸ್ವೀಪರ್ ಎಲ್ಲರಿಗೂ ಆ ಲಸಿಕೆ ಹಾಕಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಶುರು ಮಾಡಿ.

ಪೇಶಂಟ್ ಕಡೆಯವರಿಗೆ ಒಂದು ದೊಡ್ಡ ಬುಟ್ಟಿ ಬಾಗಿಲ ಹತ್ತಿರವೇ ಇರಲಿ. ಊರಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ನೀರಿನ ಬಾಟಲಿ, ಹಣ್ಣು ತರುತ್ತಾರೆ. ಅವರಿಗೆ ಹಳದಿ, ಕೆಂಪಿನ ಅರ್ಥ ಗೊತ್ತಿರುವುದಿಲ್ಲ. 'ಊಟದ ಕಸ ಇಲ್ಲಿ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಒಂದು ಬಾಳೆಹಣ್ಣಿನ ಚಿತ್ರ ಅಂಟಿಸಿ. ಓದಲು ಬಾರದವರಿಗೂ ತಿಳಿಯುತ್ತದೆ.

ಸಿರಿಂಜ್ ಗುಜರಿಗೆ ಹೋಗಬಾರದು

ಸೂಜಿಯ ಮುಚ್ಚಳ ಮತ್ತೆ ಹಾಕಲು ಹೋಗಬೇಡಿ, ಬಹಳ ಸಲ ಚುಚ್ಚುವುದು ಆಗಲೇ. ಸೂಜಿಯನ್ನು ಕಟರ್‌ನಲ್ಲಿ ಕತ್ತರಿಸಿ, ಸಿರಿಂಜನ್ನು ಕೆಂಪಿಗೆ ಹಾಕಿ. ಇನ್ಸುಲಿನ್ ಸಿರಿಂಜ್‌ನಂತೆ ಸೂಜಿ ಅಂಟಿಕೊಂಡೇ ಬರುವಂಥದ್ದಾದರೆ ಇಡಿಯಾಗಿ ಬಿಳಿ ಡಬ್ಬಿಗೆ. ಮುಕ್ಕಾಲು ತುಂಬಿದ ಡಬ್ಬಿಯನ್ನು ಮುಚ್ಚಿಬಿಡಿ.

ಕೆಂಪು ಚೀಲದ ಪ್ಲಾಸ್ಟಿಕ್ಕಿಗೆ ಬೆಲೆ ಇದೆ. ಅದನ್ನು ಆಸ್ಪತ್ರೆ ಕಸ ಸಂಸ್ಕರಿಸುವ ಕೇಂದ್ರದಲ್ಲಿ ಬಿಸಿ ಹಬೆಯಲ್ಲಿ ಶುದ್ಧ ಮಾಡಿ, ಚೂರು ಮಾಡಿ, ಮರುಬಳಕೆಗೆ ಕೊಡುತ್ತಾರೆ. ಅದೇ ಕಾರಣಕ್ಕೆ ಗುಜರಿಯವರೂ ಕೇಳುತ್ತಾರೆ. ಒಂದು ಬಾಟಲಿಯನ್ನೂ ಕೊಡಬೇಡಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವಾಗಿತ್ತು.

ಹಿತ್ತಲಲ್ಲಿ ಗುಂಡಿ ತೋಡಿ ಸುಡುವುದು ಇನ್ನೂ ಕೆಟ್ಟದ್ದು. ಅಷ್ಟು ಕಡಿಮೆ ಶಾಖದಲ್ಲಿ ಪಿವಿಸಿ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಗಾಳಿಯಿಂದ ಮಣ್ಣಿಗೆ, ಮೇವಿಗೆ, ಹಾಲಿಗೆ ಬರುತ್ತದೆ.

ಹುಟ್ಟದ ಕಸವೇ ಒಳ್ಳೆಯ ಕಸ

ಇಲ್ಲಿಯವರೆಗೆ ಹೇಳಿದ್ದು ಹುಟ್ಟಿದ ಕಸದ ಮಾತು. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಅದಕ್ಕೂ ಮುಂಚೆ, ಡಾಕ್ಟರ ಮೇಜಿನ ಮುಂದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿದು ಬಂದವರು ಓಪಿಡಿಯಲ್ಲಿ ಕೂತು ಕೇಳುವ ಮಾತು ಒಂದೇ: "ಭಾಳ ಸುಸ್ತ್ ಆಗೇತ್ರಿ ಡಾಕ್ಟರ್ರ, ಒಂದ್ ಸಲೈನ್ ಹಚ್ಚಿಬಿಡ್ರಿ." ಸಲೈನ್ ಹಚ್ಚಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಆದರೆ 500 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ವಾಂತಿ ನಿಲ್ಲದವರಿಗೆ, ಬಿಪಿ ಕುಸಿದವರಿಗೆ, ಎಚ್ಚರ ತಪ್ಪಿದವರಿಗೆ ಅದು ಜೀವ ಉಳಿಸುತ್ತದೆ. ಬಾಯಿಯಿಂದ ಕುಡಿದು ದಕ್ಕಿಸಿಕೊಳ್ಳುವವರಿಗೆ ಓಆರ್‌ಎಸ್ ಸಾಕು.

ಒಂದು ಸಲೈನ್ ಹಿಂದೆ ಎಷ್ಟು ಕಸ ಎಂದು ಒಮ್ಮೆ ಮೇಜಿನ ಮೇಲೆ ಹರಡಿ ನೋಡಿ. ಬಾಟಲಿ, ನಳಿಕೆ, ಕೈಗೆ ಚುಚ್ಚಿದ ಕ್ಯಾನುಲಾ, ಅದರ ಸೂಜಿ, ಅಂಟಿಸಿದ ಪಟ್ಟಿ, ಸ್ಪಿರಿಟ್ ಹಚ್ಚಿದ ಹತ್ತಿ, ಗ್ಲೌಸ್ ಜೋಡಿ, ಜೊತೆಗೆ ಪ್ರತಿಯೊಂದರ ಕವರ್. ಓಆರ್‌ಎಸ್‌ನದು ಒಂದೇ ಪಾಕೀಟು. ದೊಡ್ಡ ಪಾಕೀಟನ್ನು ಒಂದು ಲೀಟರ್ ನೀರಿಗೆ ಹಾಕಿ, ಕದಡಿ, 24 ಗಂಟೆಯೊಳಗೆ ಗುಟುಕು ಗುಟುಕಾಗಿ ಕುಡಿಸಬೇಕು. "ನೀರ ಕುಡ್ಯಾಕ ಆಗತೈತಲ್ರಿ ಅಜ್ಜಾರ? ಹಂಗಾದ್ರ ಸಲೈನ್ ಬ್ಯಾಡ್ರಿ, ಇದನ್ನ ಕುಡೀರಿ" ಎಂದು ಡಾಕ್ಟರ್ ಹೇಳಿ, ಮೊದಲ ಲೋಟವನ್ನು ಅಲ್ಲೇ ಕುಡಿಸಿದರೆ ಜನ ಒಪ್ಪುತ್ತಾರೆ. ಬರೀ ಚೀಟಿ ಬರೆದು ಕಳಿಸಿದರೆ ಅವರು ಪಕ್ಕದ ಕ್ಲಿನಿಕ್ಕಿಗೆ ಹೋಗಿ ಸಲೈನ್ ಹಚ್ಚಿಸಿಕೊಳ್ಳುತ್ತಾರೆ.

ಇಂಜೆಕ್ಷನ್ನಿಗೂ ಇದೇ ಮಾತು. ಸಾದಾ ಜ್ವರ, ಮೈಕೈ ನೋವಿಗೆ ಮಾತ್ರೆ ಸಾಕಾಗುವಾಗ ಸೂಜಿ ಏಕೆ? ಪೇಶಂಟ್ ಕಡೆಯವರೂ ಕೇಳುವ ರೀತಿ ಬದಲಾಯಿಸಬಹುದು. "ಇಂಜೆಕ್ಷನ್ ಮಾಡ್ರಿ" ಅನ್ನುವ ಬದಲು "ಗುಳಿಗಿ ಸಾಕಾಗತೈತೇನ್ರಿ?" ಎಂದು ಕೇಳಿ.

ಗ್ಲೌಸ್ ಇನ್ನೊಂದು. ಕೋವಿಡ್ ಹೋದರೂ ಆ ರೂಢಿ ಹೋಗಿಲ್ಲ. ಬಿಪಿ ನೋಡಲು, ಮಾತ್ರೆ ಕೊಡಲು, ಹಾಸಿಗೆ ಸರಿಮಾಡಲು ಸುಮ್ನೆ ಗ್ಲೌಸ್ ಹಾಕುತ್ತಾರೆ. ರಕ್ತ, ಕೀವು, ಮಲಮೂತ್ರ, ಗಾಯ ಮುಟ್ಟುವಾಗ, ಅಂಟುರೋಗದ ಪೇಶಂಟ್ ಇದ್ದಾಗ ಬೇಕೇ ಬೇಕು. ಉಳಿದ ಕಡೆ ಸೋಪು, ನೀರು ಅಥವಾ ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 2018ರಲ್ಲಿ ಬೇಡದ ಗ್ಲೌಸ್ ಬಿಡಿಸಲು ಹೊರಟು, ಒಂದೇ ವರ್ಷದಲ್ಲಿ ಸುಮಾರು 21 ಟನ್ ಪ್ಲಾಸ್ಟಿಕ್ ಉಳಿಸಿತು.

ಓಟಿಗೆ (ಶಸ್ತ್ರಚಿಕಿತ್ಸೆ ಕೋಣೆಗೆ) ಬಟ್ಟೆ ತನ್ನಿ

ಒಮ್ಮೆ ಹೊದಿಸಿ ಎಸೆಯುವ ಗೌನ್, ಟೋಪಿ, ಹೊದಿಕೆಗಳ ಬದಲು ಹತ್ತಿ ಬಟ್ಟೆ ಬಳಸಬಹುದಾದ ಶಸ್ತ್ರಚಿಕಿತ್ಸೆಗಳು ಬಹಳ ಇವೆ. ನಮ್ಮ ಜಿಲ್ಲೆಯಲ್ಲೇ ರಬಕವಿ-ಬನಹಟ್ಟಿ ಇದೆ, ಮಗ್ಗಗಳಿವೆ. ಒತ್ತಾಗಿ ನೇಯ್ದ ಹಸಿರು ಹತ್ತಿ ಬಟ್ಟೆ ನೇಯ್ದು ಕೊಡುತ್ತೀರಾ ಎಂದು ಕೇಳಿ ನೋಡಿ. ಒಗೆದು, ಒಣಗಿಸಿ, ತೂತು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ, ಮಡಚಿ, ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಶುದ್ಧ ಮಾಡಿ. ತೂತು ಬಿದ್ದದ್ದನ್ನು ಓಟಿಯಿಂದ ತೆಗೆದುಬಿಡಿ. ರಕ್ತ, ನೀರು ಜಾಸ್ತಿ ಹರಿಯುವ ಶಸ್ತ್ರಚಿಕಿತ್ಸೆಗೆ ಮಾತ್ರ ನೀರು ಹೀರದ ಗೌನ್ ಬೇಕು.

ಮರುಬಳಕೆ ಎಂದರೆ ಸೋಂಕು ಎಂದು ಹೆದರುವವರು ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ನೋಡಬೇಕು. ಅಲ್ಲಿ ಒಂದು ಪೊರೆ ಶಸ್ತ್ರಚಿಕಿತ್ಸೆಯಿಂದ ಗಾಳಿಗೆ ಸೇರುವುದು ಸುಮಾರು 6 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬ್ರಿಟನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆಗೆ ಆಗುವುದರ 5% ಮಾತ್ರ ಅದು. ಉಪಕರಣಗಳನ್ನು ಶುದ್ಧ ಮಾಡಿ ಮತ್ತೆ ಬಳಸುವುದು ಅದರ ಒಂದು ಮುಖ್ಯ ಕಾರಣ. ಸೋಂಕು ಮಾತ್ರ ಬಹಳ ಕಡಿಮೆ. ಆದರೆ ಒಮ್ಮೆ ಮಾತ್ರ ಬಳಸಿ ಎಂದು ಬರೆದಿರುವ ಸಿರಿಂಜ್, ಸೂಜಿ, ಕ್ಯಾನುಲಾಗಳಿಗೆ ಈ ಮಾತು ಅನ್ವಯ ಆಗುವುದಿಲ್ಲ.

ಇನ್ನು ಕೆಲವು ಸಣ್ಣ ಕೆಲಸ. ಪಾದರಸದ ಥರ್ಮಾಮೀಟರ್, ಬಿಪಿ ಯಂತ್ರ ಉಳಿದಿದ್ದರೆ ಡಿಜಿಟಲ್‌ಗೆ ಬದಲಾಯಿಸಿ. ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಜೋರು. ಈಗ ಬಳಸುತ್ತಿಲ್ಲ ಎಂದರೆ ಹೊಸದಾಗಿ ತರಿಸಬೇಡಿ. ಇನ್ನೊಂದು ಅರಿವಳಿಕೆ ಅನಿಲವಾದ ನೈಟ್ರಸ್ ಆಕ್ಸೈಡ್ ಸಿಲಿಂಡರ್‌ನ ವಾಲ್ವನ್ನು ಕೆಲಸ ಮುಗಿದ ಕೂಡಲೇ ಮುಚ್ಚಿ. ಔಷಧಿ ಕಪಾಟಿನಲ್ಲಿ ಬೇಗ ಎಕ್ಸ್‌ಪೈರಿ ಆಗುವುದು ಮುಂದೆ ಇರಲಿ.

ಒಬ್ಬರ ಹೆಸರು ಬರೆಯಿರಿ

'ಎಲ್ಲರೂ ನೋಡಿಕೊಳ್ಳಿ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಪ್ರತಿ ಪಾಳಿಗೂ ಕಸದ ಹೊಣೆ ಯಾರದು ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ. ಚೀಲಕ್ಕೆ ಬಾರ್‌ಕೋಡ್ ಅಂಟಿಸುವುದು, ತೂಕ ಬರೆಯುವುದು, ಕಸ ಸಂಸ್ಕರಿಸುವ ಕೇಂದ್ರದ ಗಾಡಿಗೆ ಒಪ್ಪಿಸುವುದು ಅವರ ಕೆಲಸ. ಹಳದಿ ಚೀಲದ ರಕ್ತಸಿಕ್ತ ಕಸ 48 ಗಂಟೆಗಿಂತ ಜಾಸ್ತಿ ಉಳಿಯಬಾರದು. ಗಾಡಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರ್ ಗೋಡೆಯ ಮೇಲಿರಲಿ. ವರ್ಷದ ವರದಿ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ದಿನಾ ತೂಗಿ ಬರೆದಿದ್ದರೆ ಅದು ಅರ್ಧ ದಿನದ ಕೆಲಸ.

ಮನೆಯಲ್ಲಿ ಸೂಜಿ ಇದ್ದರೆ

ಶುಗರ್ ಇರುವವರ ಮನೆಯಲ್ಲಿ ಇನ್ಸುಲಿನ್ ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್ ದಿನಾ ಉಳಿಯುತ್ತವೆ. ಅವನ್ನು ಹಸಿ ಕಸಕ್ಕೆ ಹಾಕಿದರೆ ಕಸದ ಗಾಡಿಯಲ್ಲಿ ವಿಂಗಡಿಸುವ ಅಕ್ಕನ ಕೈಗೆ ಚುಚ್ಚುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ ಖಾಲಿ ಡಬ್ಬಿಯೊಂದನ್ನು ಇದಕ್ಕೇ ಮೀಸಲಿಡಿ. ತೆಳ್ಳನೆಯ ನೀರಿನ ಬಾಟಲಿ ಬೇಡ. ಮೇಲೆ 'ಸೂಜಿ' ಎಂದು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಶುಗರ್ ಚೆಕಪ್‌ಗೆ ಹೋಗುವಾಗ ಆಸ್ಪತ್ರೆಗೆ ಒಯ್ದು "ಇದನ್ನ ಬಿಳಿ ಡಬ್ಬ್ಯಾಗ ಹಾಕ್ರಿ ಸಿಸ್ಟರ್" ಎಂದು ಕೊಡಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಮನೆ ಬಾಗಿಲಿಗೆ ಬರುವ ಕಸದ ಗಾಡಿಯವರಿಗೆ, ಒಳಗೆ ಸೂಜಿ ಇದೆ ಎಂದು ಹೇಳಿಯೇ, ಬೇರೆಯಾಗಿ ಕೊಡಿ.